ಮಂಗನ ಕಾಯಿಲೆ: ಕಾಡಿಗೆ ಹೋಗುವ ಕುಟುಂಬಗಳಿಗೆ ಉಣುಗಿನ ಕಡಿತದಿಂದ ರಕ್ಷಣೆ

ಮಳೆಗಾಲ ಮುಗಿದು ಕಾಡು ಒಣಗತೊಡಗಿದಂತೆ ಮಲೆನಾಡಿನ ಕುಟುಂಬಗಳು ಸೌದೆ, ಸೊಪ್ಪು, ತರಗೆಲೆಗಳಿಗಾಗಿ ಕಾಡಿನತ್ತ ಹೊರಡುತ್ತವೆ. ಉಣುಗಿನ ಮರಿಗಳು ತರಗೆಲೆಯ ನಡುವೆ ಹೆಚ್ಚುವುದೂ ಇದೇ ಕಾಲದಲ್ಲಿ. ಆದ್ದರಿಂದ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಗ್ರಾಮ ಪಂಚಾಯತಿ ಸದಸ್ಯರು ವಿಶೇಷ ಎಚ್ಚರ ವಹಿಸುವುದು ಅಗತ್ಯವಾಗಿದೆ.

ರೋಗ ಹರಡುವ ಬಗೆ

ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲು ಗುರುತಿಸಲಾಯಿತು. ಹೆಸರು ಮಂಗನದಾದರೂ ಮನುಷ್ಯರಿಗೆ ರೋಗ ತಗಲುವುದು ಮುಖ್ಯವಾಗಿ ಸೋಂಕಿತ ಉಣುಗಿನ ಕಡಿತದಿಂದ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ, ಆ ಸ್ಥಳ ಅಪಾಯದ ತಾಣವಾಗುತ್ತದೆ. ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಕಚ್ಚಿದ್ದು ಅನೇಕರ ಅರಿವಿಗೇ ಬರುವುದಿಲ್ಲ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ ರೋಗಿಯ ಕುಟುಂಬವನ್ನು ದೂರವಿಡಲು ಕಾರಣವಿಲ್ಲ.

ವೈರಾಣುವನ್ನೇ ನಾಶಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಹಿಂದೆ ನೀಡುತ್ತಿದ್ದ ಲಸಿಕೆಯ ಬಳಕೆ ನಿಂತಿದೆ. ಆದ್ದರಿಂದ ಕಡಿತವನ್ನು ತಪ್ಪಿಸುವುದೇ ಮೊದಲ ರಕ್ಷಣೆ.

ಕುಟುಂಬಗಳಿಗೆ ತಿಳಿಸಬೇಕಾದ ಕ್ರಮಗಳು

1. ಕಾಡಿಗೆ ಹೋಗುವ ಮುನ್ನ ಕೈ, ಕಾಲು, ಕುತ್ತಿಗೆಗೆ ಡೆಪಾ ತೈಲ ಲೇಪಿಸಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು.
2. ತುಂಬುತೋಳಿನ ಅಂಗಿ ಹಾಗೂ ಕಾಲು ಮುಚ್ಚುವ ಉಡುಪು ಧರಿಸಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ.
3. ಮನೆಗೆ ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಮಕ್ಕಳ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ತಲೆಗೂದಲನ್ನು ಹಿರಿಯರು ಪರೀಕ್ಷಿಸಬೇಕು.
4. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬೆರಳಿನಿಂದ ಹೊಸಕುವುದು, ಬೆಂಕಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಸರಿಯಲ್ಲ.
5. ರೋಗ ಕಂಡ ಪ್ರದೇಶದ ತರಗೆಲೆಯನ್ನು ಕೊಟ್ಟಿಗೆಗೆ ತರಬಾರದು. ಕಾಡಿನಲ್ಲಿ ಮೇಯುವ ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗು ನಿವಾರಕ ಬಳಸಬೇಕು.

ಜ್ವರ ಬಂದಾಗ

ಕಡಿತವಾದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಸೊಂಟ ಹಾಗೂ ಮಾಂಸಖಂಡಗಳ ನೋವು ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತಸ್ರಾವವಾಗುತ್ತದೆ. ಇನ್ನು ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರಗಳ ನಂತರ ಮರುಕಳಿಸಿ ಮೆದುಳನ್ನು ಬಾಧಿಸುತ್ತದೆ. ರೋಗ ತಗುಲಿದವರಲ್ಲಿ ಶೇ. 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ. ಆದುದರಿಂದ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಅಂಗಡಿಯಿಂದ ತಂದು ನುಂಗಬಾರದು.

ಸದಸ್ಯರ ಹೊಣೆ

ಕಾಡಿಗೆ ಹೋಗಬೇಡಿ ಎಂಬ ಸೂಚನೆಯೊಂದೇ ಸಾಲದು. ಒಲೆಗೆ ಸೌದೆಯೂ ಕೊಟ್ಟಿಗೆಗೆ ಹಾಸೂ ಬೇಕಿರುವ ಮನೆ ಆ ಸೂಚನೆಯನ್ನು ಪಾಲಿಸಲಾರದು. ಆರೋಗ್ಯ ಇಲಾಖೆ ವಿತರಿಸುವ ತೈಲ ಪಂಚಾಯತಿ ಕಚೇರಿಯ ಕಪಾಟಿನಲ್ಲಿದ್ದರೆ ಯಾರನ್ನೂ ಕಾಯದು. ಬೆಳಕು ಹರಿಯುವ ಮುನ್ನವೇ ಕಾಡಿಗೆ ಹೊರಡುವವರ ಮನೆಯಲ್ಲಿ ಅದು ಇರಬೇಕು. ಆದ್ದರಿಂದ ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ಕಾಡನ್ನು ಅವಲಂಬಿಸಿದ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ನವೆಂಬರ್‌ನಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಒಳಿತು. ತೋಟದ ಕೂಲಿಕಾರರು, ಹೊರ ಊರಿನಿಂದ ಬಂದ ಕೆಲಸಗಾರರು, ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿರುವವರು ಪಟ್ಟಿಯಿಂದ ಬಿಟ್ಟುಹೋಗಬಾರದು. ತೈಲ ಮುಗಿದ ಮನೆಗೆ ಮರುಪೂರೈಕೆಯಾಗುವಂತೆಯೂ ನೋಡಿಕೊಳ್ಳಬೇಕು.

ಮಂಗ ಸತ್ತಿರುವುದು ತಿಳಿದುಬಂದಲ್ಲಿ ಯಾರೂ ಕಳೇಬರವನ್ನು ಮುಟ್ಟದಂತೆ, ಹತ್ತಿರ ಸುಳಿಯದಂತೆ ತಡೆದು, ಅದೇ ದಿನ ಆರೋಗ್ಯ, ಅರಣ್ಯ ಹಾಗೂ ಪಶುಪಾಲನಾ ಇಲಾಖೆಗಳಿಗೆ ಮಾಹಿತಿ ನೀಡಬೇಕು. ಸಿಬ್ಬಂದಿ ಮಾದರಿ ಸಂಗ್ರಹಿಸಿ, ಕಳೇಬರವನ್ನು ವಿಲೇವಾರಿ ಮಾಡಿ, ಸುತ್ತಲಿನ ನೆಲಕ್ಕೆ ಕೀಟನಾಶಕ ಪುಡಿ ಸಿಂಪಡಿಸುವರು. ಮಂಗನ ಸಾವು ಊರಿಗೆ ದೊರೆಯುವ ಮೊದಲ ಮುನ್ಸೂಚನೆ. ಆ ಸುದ್ದಿ ಒಂದು ದಿನ ಮೊದಲು ತಲುಪಿದರೆ, ಆ ದಾರಿಯಲ್ಲಿ ಸೌದೆಗೆ ಹೋಗಲಿದ್ದ ಕುಟುಂಬವೊಂದು ಉಳಿದೀತು.