ಗುಲ್ಲೆದ್ದಿತು ಚಟದ ಬಗ್ಗೆ... ಒಳಗಿದ್ದದ್ದು ತೋಳ!

ಹಾಲಿವುಡ್ ಬೆಡಗಿ ಸೆಲೆನಾ ಗೋಮೆಜ್ ಗೊತ್ತಲ್ಲ? ಟೆಕ್ಸಾಸ್‌ನ ಹುಡುಗಿ. ಡಿಸ್ನಿ ಟಿ.ವಿ.ಯಿಂದ ಮನೆಮಾತಾದವಳು. ಹಾಡಿ ಕುಣಿದು ಕೋಟ್ಯಂತರ ಪಡ್ಡೆಗಳ ನಿದ್ದೆ ಕೆಡಿಸಿದವಳು! ಈಕೆ 2013ರ ಕೊನೆಗೆ ಆಸ್ಟ್ರೇಲಿಯಾದ ಕಾರ್ಯಕ್ರಮಗಳನ್ನು ದಿಢೀರನೆ ರದ್ದು ಮಾಡಿದಾಗ ಶುರುವಾಯ್ತು ನೋಡಿ ಗುಸುಗುಸು. ಮಾದಕವಸ್ತುವಿನ ಚಟವಂತೆ, ಹಾಗಂತೆ, ಹೀಗಂತೆ...

ಅಸಲಿ ಸಂಗತಿ ಹೊರಬಿದ್ದದ್ದು 2015ರಲ್ಲಿ. ತನಗಿರುವುದು ಲೂಪಸ್ ಕಾಯಿಲೆ, ಅದಕ್ಕೆ ಕೀಮೋಥೆರಪಿ ಪಡೆದಿದ್ದೇನೆ ಎಂದು ಆಕೆಯೇ ಬಾಯಿಬಿಟ್ಟಳು. ಗುಲ್ಲೆಬ್ಬಿಸಿದವರ ಬಾಯಿಗೆ ಬೀಗ!

ಏನಪ್ಪಾ ಈ ಲೂಪಸ್? ಲ್ಯಾಟಿನ್ ಭಾಷೆಯಲ್ಲಿ ತೋಳ ಎಂದರ್ಥ. ರೋಗಾಣುಗಳನ್ನು ಬಡಿದೋಡಿಸಬೇಕಾದ ಮೈಯೊಳಗಿನ ಕಾವಲು ಪಡೆಯೇ ತಿರುಗಿ ಬಿದ್ದು ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ದಾಳಿ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ ಹರೆಯದವರು.

ಸೆಲೆನಾಳ ಮೂತ್ರಪಿಂಡವನ್ನೂ ಈ ತೋಳ ಬಿಡಲಿಲ್ಲ. 2017ರಲ್ಲಿ ಆಕೆಯ ಗೆಳತಿ, ನಟಿ ಫ್ರಾನ್ಸಿಯಾ ರೈಸಾ ತನ್ನದೊಂದು ಮೂತ್ರಪಿಂಡವನ್ನೇ ಕೊಟ್ಟು ಉಳಿಸಿಕೊಂಡಳು. ಯಾವ ಕಥೆಗಾರ ಬರೆದಾನು ಇಂಥ ದೃಶ್ಯ?

ಹಾಗಂತ ಕಥೆ ಸುಖಾಂತವಾಯ್ತು ಅನ್ನಬೇಡಿ. ಲೂಪಸ್ ಬುಡಸಮೇತ ಹೋಗುವ ಕಾಯಿಲೆಯಲ್ಲ. ಔಷಧಿಯಿಂದ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು, ಅಷ್ಟೆ. 2023ರಲ್ಲಿ ದಪ್ಪಗಾದಳೆಂದು ಕೆಲವರು ಹಂಗಿಸಿದಾಗ, ಲೂಪಸ್ ಔಷಧಿಯಿಂದ ಮೈಯಲ್ಲಿ ನೀರು ನಿಲ್ಲುತ್ತದೆ ಎಂದು ಆಕೆ ನೇರವಾಗಿಯೇ ಹೇಳಿದಳು. ಮರುವರ್ಷ 'ಎಮಿಲಿಯಾ ಪೆರೆಜ್' ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಸಹನಟಿಯರ ಜೊತೆ ಶ್ರೇಷ್ಠ ನಟಿ ಪ್ರಶಸ್ತಿ ಹಂಚಿಕೊಂಡಳು. ಭಲೇ ಹುಡುಗಿ!

ಅಭಿಮಾನಿ ಮಿತ್ರರೇ, ಇನ್ನು ನಿಮ್ಮ ಮನೆ ಕಡೆ ನೋಡಿ. ಅಕ್ಕನೋ ತಂಗಿಯೋ ಸದಾ ಸುಸ್ತು ಅಂತಾಳೆಯೇ? ಕೀಲು ನೋವೇ? ಬಿಸಿಲಿಗೆ ಹೋದರೆ ಕೆನ್ನೆಯಿಂದ ಕೆನ್ನೆಗೆ ಚಿಟ್ಟೆಯಾಕಾರದಲ್ಲಿ ಕೆಂಪೇಳುತ್ತದೆಯೇ? ಕೂದಲು ಉದುರುತ್ತಿದೆಯೇ? ಕೆಲಸಗಳ್ಳಿ, ನಾಟಕ ಆಡ್ತಾಳೆ ಅಂತ ರೇಗಬೇಡಿ. ಸ್ನೋ ಪೌಡರಿನಲ್ಲಿ ಮುಚ್ಚಲೂ ಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಅನುಮಾನ ಬಂದರೆ ಅವರು ರಕ್ತದಲ್ಲಿ ಎ.ಎನ್.ಎ. ಪರೀಕ್ಷೆ, ಜೊತೆಗೆ ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಬೇಗ ಪತ್ತೆಯಾದಷ್ಟೂ ಮೂತ್ರಪಿಂಡ ಉಳಿಸಿಕೊಳ್ಳುವುದು ಸುಲಭ.

ಪ್ರತಿ ವರ್ಷ ಮೇ 10 ವಿಶ್ವ ಲೂಪಸ್ ದಿನ. ನೆಚ್ಚಿನ ತಾರೆಯ ಹುಟ್ಟುಹಬ್ಬ ನೆನಪಿಡೋ ನೀವು ಇದೊಂದು ತಾರೀಕನ್ನೂ ನೆನಪಿಡಿ. ಗುಲ್ಲಿಗಿಂತ ಮೊದಲು ಈ ಸುದ್ದಿ ನಾಲ್ಕು ಜನಕ್ಕೆ ತಲುಪಲಿ!