ದಡಾರದ ಸೂಜಿ: ಹೆತ್ತವರು ಯಾಕೆ ಬೇಡ ಅಂದರು?



2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಯಿತು. ಮೊದಲ ಹಂತದಲ್ಲೇ ನಮ್ಮ ತಮಿಳುನಾಡೂ ಇತ್ತು, ಪಕ್ಕದ ಕರ್ನಾಟಕವೂ ಇತ್ತು. 9 ತಿಂಗಳ ಕೂಸಿನಿಂದ 15 ವರ್ಷ ತುಂಬದವರವರೆಗೆ ಎಲ್ಲರಿಗೂ ಒಂದು ಸೂಜಿ. ಶಾಲೆಯಲ್ಲೇ ಹಾಕುವ ಏರ್ಪಾಡು. ಆದರೆ ತಮಿಳುನಾಡಿನಲ್ಲಿ ಅನೇಕ ಹೆತ್ತವರು ಒಪ್ಪಲಿಲ್ಲ. ಫೆಬ್ರವರಿ ಕೊನೆಗೆ ಮುಗಿಯಬೇಕಿದ್ದ ಕೆಲಸವನ್ನು ಮಾರ್ಚ್‌ಗೂ ಮುಂದುವರಿಸಬೇಕಾಯಿತು.

ಮಕ್ಕಳ ಮೇಲೆ ಪ್ರೀತಿ ಇಲ್ಲದೆ ಹೀಗೆ ಮಾಡಿದರೇ? ಅಲ್ಲ. ಪ್ರೀತಿ ಇದ್ದದ್ದರಿಂದಲೇ ಭಯ. ಆ ಭಯದ ಕಾರಣಗಳನ್ನು ಒಂದೊಂದಾಗಿ ನೋಡೋಣ.

"ವಾಟ್ಸಾಪ್‌ನಲ್ಲಿ ಬಂದಿದೆ, ಅಪಾಯವಂತೆ." ಹೊಸೂರು, ತಳಿ, ಬಾಗಲೂರು ಕಡೆ ನಮ್ಮ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆ, ಸುಳ್ಳು ಸುದ್ದಿಗೂ ಮೂರು ದಾರಿ. ಇದು ಹೊರದೇಶದವರ ಸಂಚು ಎಂದೂ ಹಬ್ಬಿತ್ತು. ಆದರೆ ಈ ಲಸಿಕೆ ತಯಾರಾಗುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ.

"ಚಿಕ್ಕಂದಿನಲ್ಲೇ ಹಾಕ್ಸಿದೀವಲ್ಲ, ಮತ್ತೆ ಯಾಕೆ?" ಒಳ್ಳೆಯ ಪ್ರಶ್ನೆ. 9 ತಿಂಗಳಲ್ಲಿ ಹಾಕಿದ ಮೊದಲ ಡೋಸ್ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಉಳಿದವರಿಗಾಗಿ ಇನ್ನೊಂದು ಬೇಕು. ಮೊದಲೇ ರಕ್ಷಣೆ ಇದ್ದವರಿಗೆ ಅದರಿಂದ ತೊಂದರೆಯಿಲ್ಲ.

"ಸೂಜಿ ಹಾಕಿದ್ರೆ ಜ್ವರ ಬರುತ್ತೆ." ನಿಜ, ಕೆಲವರಿಗೆ ಒಂದು ವಾರದ ನಂತರ ಸಣ್ಣ ಜ್ವರ, ಗಂಧೆ ಬರಬಹುದು. ತಾನಾಗಿ ಹೋಗುತ್ತದೆ. ಅಪರೂಪಕ್ಕೆ ಅಲರ್ಜಿ ಆಗಬಹುದು. ಅದಕ್ಕೇ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ದಡಾರ ಬಂದರೆ ನ್ಯುಮೋನಿಯಾ, ಮೆದುಳಿನ ಊತ, ಸಾವೂ ಉಂಟು.

"ಅದು ಅಮ್ಮ, ತಾನೇ ಇಳಿದು ಹೋಗ್ತಾಳೆ." ಸಿಡುಬನ್ನೂ ಹಿರಿಯರು ಹೀಗೇ ಕರೆಯುತ್ತಿದ್ದರು. ಲಸಿಕೆಯಿಂದ ಅದು ಭೂಮಿಯಿಂದಲೇ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಹಾಗೆ ಸಾರಿತು. ಸೂಜಿ ಹಾಕಿಸಿದರೆ ಬೇವಿನ ಸೊಪ್ಪನ್ನೋ ಪೂಜೆಯನ್ನೋ ಬಿಡಬೇಕೆಂದಿಲ್ಲ.

"ರುಬೆಲ್ಲಾ ಸಣ್ಣ ಕಾಯಿಲೆ ತಾನೇ?" ಮಕ್ಕಳಿಗೆ ಸಣ್ಣದೇ. ಆದರೆ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ಇವತ್ತು ನಿಮಗೆ ಹಾಕುವ ಸೂಜಿ ಮುಂದೆ ಹುಟ್ಟುವ ಕೂಸನ್ನೂ ಕಾಯುತ್ತದೆ.

ಈಗ ಒಂದು ಲೆಕ್ಕ. ರಕ್ಷಣೆ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಜನರಿಗೆ ಹರಡಬಲ್ಲ. ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಇರಬಲ್ಲದು. ಇದನ್ನು ತಡೆಯಲು 100ರಲ್ಲಿ 95 ಜನರಿಗೆ ರಕ್ಷಣೆ ಬೇಕು. 40 ಮಕ್ಕಳ ತರಗತಿಗೆ ಲೆಕ್ಕ ಹಾಕಿ: 38 ಬಂತಲ್ಲವೇ? ಇನ್ನೂ 9 ತಿಂಗಳು ತುಂಬದ ನಿಮ್ಮ ಮನೆಯ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇವರಿಗೆ ಸಾಮಾನ್ಯವಾಗಿ ಈ ಲಸಿಕೆ ಹಾಕುವುದಿಲ್ಲ. ಅವರಿಗೆ ನಾವೇ ಬೇಲಿ.

ಮನೆಯಲ್ಲಿ ಅಪ್ಪ ಅಮ್ಮನ ಜತೆ ವಾದಕ್ಕೆ ಇಳಿಯಬೇಡಿ. ಅವರ ಅನುಮಾನ ಏನೆಂದು ಕೇಳಿ, ಬರೆದುಕೊಳ್ಳಿ. ನಿಮ್ಮ ಲಸಿಕೆ ಕಾರ್ಡು ಹುಡುಕಿ, ಯಾವ ಡೋಸ್ ಬಿಟ್ಟಿದೆ ನೋಡಿ. ಆ ಪ್ರಶ್ನೆಗಳನ್ನೂ ಕಾರ್ಡನ್ನೂ ಹಿಡಿದು, ದೊಡ್ಡವರ ಜತೆ ಊರಿನ ನರ್ಸಮ್ಮನ ಹತ್ತಿರವೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ಕೇಳಿ. ಅಲ್ಲಿ ಈ ಸೂಜಿಗೆ ದುಡ್ಡು ಕೊಡಬೇಕಾಗಿಲ್ಲ.