ಗೇಮ್ ಪೆಟ್ಟಿಗೆ ನಿಧಾನವಾಯಿತೇ? ಎಸೆಯುವ ಮೊದಲು ಹೀಗೆ ಮಾಡಿ ನೋಡಿ

ಶಾಲೆಗೆ ರಜೆ ಸಿಕ್ಕಿತೆಂದರೆ ಮನೆಯಲ್ಲಿ ಮಕ್ಕಳದ್ದೇ ರಾಜ್ಯ. ಟಿ.ವಿ.ಗೆ ಸಿಕ್ಕಿಸಿ ಆಡುವ ಪುಟ್ಟ ಗೇಮ್ ಪೆಟ್ಟಿಗೆಯೊಂದು ಇದ್ದರಂತೂ ಕೇಳುವುದೇ ಬೇಡ. ಕೆಲವು ದಿನ ಎಲ್ಲವೂ ಸರಿಯಾಗಿರುತ್ತದೆ. ಆಮೇಲೊಂದು ದಿನ ಅಡುಗೆಮನೆಗೆ ದೂರು ಬರುತ್ತದೆ: "ಅಮ್ಮಿ, ಗೇಮ್ ನಿಂತು ನಿಂತು ಓಡ್ತಿದೆ!" ಅದರ ಹಿಂದೆಯೇ ಎರಡನೆಯ ಮಾತು: "ಹೊಸದು ತೆಗೆಸಿಕೊಡಿ."

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಅನೇಕ ಮನೆಗಳಲ್ಲಿ ಆ ಹೊತ್ತಿಗೆ ಇಂತಹ ದೂರು ಕೇಳಲು ಇರುವವರು ನೀವೊಬ್ಬರೇ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ದುಡಿಮೆಗಾಗಿ ಬೆಂಗಳೂರಿನ ದಾರಿ ಹಿಡಿದರು. ಬೆಳಗಿನ ರೈಲಿಗೆ ಹೊರಟ ಮಕ್ಕಳ ಅಬ್ಬಾ ಮನೆ ಸೇರುವಾಗ ಎಷ್ಟೋ ಸಲ ಇಶಾ ಆಗಿರುತ್ತದೆ. ಅಂಗಡಿಗೆ ಒಯ್ದರೆ "ಬೋರ್ಡು ಹೋಗಿದೆ, ರಿಪೇರಿ ಆಗಲ್ಲ" ಎಂಬ ಉತ್ತರ ಸಿಗುವುದೂ ಉಂಟು. ತಿಂಗಳ ಲೆಕ್ಕದಲ್ಲಿ ರೇಷನ್, ಟ್ಯೂಷನ್ ಫೀಸು, ರೈಲಿನ ಪಾಸು ಎಲ್ಲ ಹೊಂದಿಸಿಕೊಂಡು ಉಳಿಸಿದ ಹಣದಿಂದ ಕೊಂಡ ಪೆಟ್ಟಿಗೆಯದು. ಅದನ್ನು ಅಷ್ಟು ಸುಲಭವಾಗಿ ಕಸಕ್ಕೆ ಹಾಕಬೇಡಿ. ನಿಧಾನವಾದ ಪೆಟ್ಟಿಗೆಗಳಲ್ಲಿ ಬಹಳಷ್ಟು ಕೆಟ್ಟಿರುವುದೇ ಇಲ್ಲ. ದೋಷ ಅದಕ್ಕೆ ಕರೆಂಟು ಕೊಡುವ ತಂತಿಯಲ್ಲೋ, ಒಳಗಿನ ಕಾರ್ಡಿನಲ್ಲೋ, ಟಿ.ವಿ.ಯ ಸೆಟ್ಟಿಂಗ್‌ನಲ್ಲೋ ಇರುತ್ತದೆ. ಅದನ್ನು ಕಂಡುಹಿಡಿಯಲು ಇಂಜಿನಿಯರ್ ಆಗಬೇಕಿಲ್ಲ.

ಪೆಟ್ಟಿಗೆಯೊಳಗೆ ಏನಿದೆ?

ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರವನ್ನು ತಂದಿತು. ಅದರ ನಕಲುಗಳೇ 1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದವು. ಕ್ಯಾಸೆಟ್ ತುರುಕಿ ಮಾರಿಯೊ, ಕಾಂಟ್ರಾ ಆಡಿದ ನೆನಪು ನಿಮಗೂ ಇರಬಹುದು. 2016ರಲ್ಲಿ ನಿಂಟೆಂಡೊ ಅದೇ ಹಳೆಯ ಯಂತ್ರದ ಅಂಗೈಯಗಲದ ರೂಪವನ್ನು 30 ಆಟಗಳೊಂದಿಗೆ ಹೊರತಂದಿತು. 2018ರಲ್ಲಿ ಸೋನಿ, 2019ರಲ್ಲಿ ಸೆಗಾ ಕಂಪೆನಿಗಳೂ ಅದೇ ದಾರಿ ಹಿಡಿದವು. ಇವುಗಳನ್ನು ನೋಡಿ ತಯಾರಾದ ಅಗ್ಗದ ಗೇಮ್ ಸ್ಟಿಕ್‌ಗಳೂ ಕೈಯಲ್ಲಿ ಹಿಡಿದು ಆಡುವ "400 ಗೇಮ್"ಗಳ ಡಬ್ಬಿಗಳೂ ಇಂದು ಎಲ್ಲೆಡೆ ಸಿಗುತ್ತವೆ.

ಕಂಪೆನಿಯ ಮಿನಿಗಳಲ್ಲೂ ಗೇಮ್ ಸ್ಟಿಕ್‌ಗಳಲ್ಲೂ ಹಳೆಯ ಯಂತ್ರವೇನೂ ಇಲ್ಲ. ಮೊಬೈಲಿನೊಳಗೆ ಇರುವಂತಹ ಒಂದು ಸಣ್ಣ ಕಂಪ್ಯೂಟರ್, ಹಳೆಯ ಯಂತ್ರದಂತೆ ನಟಿಸುವ ಒಂದು ಪ್ರೋಗ್ರಾಂ, ಆಟಗಳನ್ನು ತುಂಬಿದ ಮೆಮೊರಿ ಇಷ್ಟೇ ಇರುವುದು. ಆದ್ದರಿಂದ ತೊಂದರೆಯೂ ಬೇರೆ ಬೇರೆ ಕಡೆಯಿಂದ ಬರುತ್ತದೆ. ಮೊದಲು ಲಕ್ಷಣ ನೋಡಿ:

- ಆಟದ ನಡುವೆ ತಾನಾಗಿ ಬಂದ್ ಆಗಿ ಮತ್ತೆ ಶುರುವಾದರೆ, ದೀಪ ಮಿಣುಕಿದರೆ: ಕರೆಂಟಿನ ದೋಷವಿರಬಹುದು.
- ಪಟ್ಟಿ ತೆರೆಯಲು ತುಂಬ ಹೊತ್ತಾದರೆ, ಒಂದೇ ಜಾಗದಲ್ಲಿ ಪ್ರತಿ ಸಲ ನಿಂತರೆ: ಕಾರ್ಡಿನ ದೋಷವಿರಬಹುದು.
- ಚಿತ್ರ ಸರಾಗವಾಗಿದ್ದು, ಗುಂಡಿ ಒತ್ತಿದ ಮೇಲೆ ತಡವಾಗಿ ಜಿಗಿದರೆ: ಟಿ.ವಿ. ಅಥವಾ ರಿಮೋಟ್ ನೋಡಿ.
- ಮೊದಲು ಚೆನ್ನಾಗಿದ್ದು ಅರ್ಧ ಗಂಟೆಯ ನಂತರ ನಿಧಾನವಾದರೆ: ಬಿಸಿಯಾಗಿದೆ.
- ಒಂದೇ ಒಂದು ಆಟ ಮಾತ್ರ ನಿಧಾನವಾಗಿದ್ದರೆ: ಅದು ಆ ಆಟದ್ದೇ ಗುಣವಿರಬಹುದು.

ಕರೆಂಟು ಸಾಕಷ್ಟು ತಲುಪುತ್ತಿದೆಯೇ?

ಮಕ್ಕಳು ಸಾಮಾನ್ಯವಾಗಿ ಪೆಟ್ಟಿಗೆಯ ತಂತಿಯನ್ನು ಟಿ.ವಿ.ಯ ಯುಎಸ್‌ಬಿ ಕಿಂಡಿಗೇ ಚುಚ್ಚುತ್ತಾರೆ. ಸುಲಭವೇನೋ ಹೌದು. ಆದರೆ ಸಾಧಾರಣ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್ ಕರೆಂಟು ಕೊಡುವಂತೆ ಮಾಡಿದ್ದು. ಇಂತಹ ಪೆಟ್ಟಿಗೆಗಳಲ್ಲಿ ಅನೇಕಕ್ಕೆ 5 ವೋಲ್ಟ್, 1 ಆಂಪಿಯರ್ ಬೇಕು. ತೆರೆಯ ಮೇಲೆ ಗಲಾಟೆ ಹೆಚ್ಚಿದಾಗ ಅರೆಹೊಟ್ಟೆಯ ಕರೆಂಟಿನಲ್ಲಿ ಯಂತ್ರ ಸೋತುಬಿಡುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಬರೆದಿರುವ ಅಂಕೆ ಓದಿ, ಅದಕ್ಕೆ ಹೊಂದುವ ಒಳ್ಳೆಯ ಮೊಬೈಲ್ ಚಾರ್ಜರ್‌ನಿಂದ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ವೋಲ್ಟ್ ಸಮವಾಗಿಯೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇದ್ದರೆ ತೊಂದರೆಯಿಲ್ಲ. ಹಳೆಯ ಕ್ಯಾಸೆಟ್ ಗೇಮಿನ 9 ವೋಲ್ಟ್ ಅಡಾಪ್ಟರ್ ಮನೆಯಲ್ಲಿ ಉಳಿದಿದ್ದರೆ, ಪಿನ್ ಕೂರುತ್ತದೆಂದು ಅದನ್ನು ಚುಚ್ಚಬೇಡಿ. ಪೆಟ್ಟಿಗೆ ಸುಟ್ಟೇ ಹೋದೀತು.

ಚಾರ್ಜರ್ ಸರಿಯಿದ್ದರೂ ತಂತಿ ಉದ್ದವಾಗಿ, ತೆಳುವಾಗಿದ್ದರೆ ದಾರಿಯಲ್ಲೇ ವೋಲ್ಟೇಜು ಇಳಿಯುತ್ತದೆ. ಕೆ.ಜಿ.ಎಫ್.ನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ವಿದ್ಯುತ್ ತಂದಾಗ ಇಂಜಿನಿಯರುಗಳ ಮುಂದಿದ್ದ ದೊಡ್ಡ ಸಮಸ್ಯೆಯೇ ಇದು. ದಾರಿಯ ನಷ್ಟ ತಗ್ಗಿಸಲೆಂದೇ ಅವರು ಅತಿ ಹೆಚ್ಚಿನ ವೋಲ್ಟೇಜಿನಲ್ಲಿ ಕರೆಂಟು ಹರಿಸಿದರು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಂದರೆ ನಮ್ಮ ಗಣಿಗೆ ಬಂದ ಮೇಲೆ. ನಿಮ್ಮ ಪೆಟ್ಟಿಗೆಗೆ ಬರುವುದು ಬರೀ 5 ವೋಲ್ಟ್, ಅದರಲ್ಲಿ ಸ್ವಲ್ಪ ಸೋರಿದರೂ ತಡೆಯದು. ಗಿಡ್ಡನೆಯ, ದಪ್ಪನೆಯ ಕೇಬಲ್ ಕೊಳ್ಳಿ. ಬಂಗಾರಪೇಟೆಯಲ್ಲಿ ಮನೆಮಂದಿಯೆಲ್ಲ ಪಾನಿಪುರಿ ತಿಂದಷ್ಟು ಖರ್ಚಿನಲ್ಲಿ ಅದು ಬರುತ್ತದೆ.

ಕಾರ್ಡು ಮತ್ತು ಬಿಸಿ

ಅಗ್ಗದ ಸ್ಟಿಕ್‌ಗಳಲ್ಲಿ ಆಟಗಳಿರುವುದು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ. ಪೆಟ್ಟಿಗೆಯ ಬೆಲೆ ಇಳಿಸಲು ಕಳಪೆ ಕಾರ್ಡು ಹಾಕಿರುತ್ತಾರೆ. ಕರೆಂಟು ಬಂದ್ ಮಾಡಿ, ಕಾರ್ಡು ತೆಗೆದು, ಒಣ ಹತ್ತಿಬಟ್ಟೆಯಿಂದ ಅದರ ಹಳದಿ ಪಟ್ಟಿಗಳನ್ನು ಮೆಲ್ಲಗೆ ಒರೆಸಿ ಮತ್ತೆ ಹಾಕಿ. ಹಿಂದೆ ಕ್ಯಾಸೆಟ್‌ಗೆ ಊದುತ್ತಿದ್ದೆವಲ್ಲ, ಹಾಗೆ ಊದಬೇಡಿ. ಬಾಯಿಯ ತೇವದಿಂದ ಲೋಹ ಕಿಲುಬು ಹಿಡಿಯುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ, ಕಂಪ್ಯೂಟರ್ ಬಲ್ಲವರಿಂದ ಇಡೀ ಕಾರ್ಡಿನ ಪ್ರತಿಯನ್ನು ಒಳ್ಳೆಯ ಕಂಪೆನಿಯ ಹೊಸ ಕಾರ್ಡಿಗೆ ಇಳಿಸಿಕೊಳ್ಳಿ. ಹಳೆಯ ಕಾರ್ಡು ಪೂರ್ತಿ ಸಾಯುವ ಮೊದಲೇ ಇದನ್ನು ಮಾಡಬೇಕು. ಆಟ ನಡೆಯುತ್ತಿರುವಾಗ ಪ್ಲಗ್ ಕಿತ್ತರೆ ಕಾರ್ಡು ಹಾಳಾಗಬಹುದೆಂದು ಮಕ್ಕಳಿಗೂ ತಿಳಿಹೇಳಿ.

ಗಾಜಿನ ಶೋಕೇಸಿನೊಳಗೆ, ಟಿ.ವಿ.ಯ ಬೆನ್ನಿಗೆ ಅಂಟಿಕೊಂಡಿರುವ ಪೆಟ್ಟಿಗೆಗೆ ಗಾಳಿಯಾಡದು. ಬಿಸಿ ಹೆಚ್ಚಿದಾಗ ಅನೇಕ ಚಿಪ್‌ಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ವೇಗ ಇಳಿಸುತ್ತವೆ. ಗಿಡ್ಡ ಎಚ್‌ಡಿಎಂಐ ತಂತಿಯಿಂದ ಸ್ಟಿಕ್ಕನ್ನು ಹೊರಗೆ ತಂದು ಬಯಲಲ್ಲಿ ಇಡಿ. ಅಸರ್‌ನ ಅಝಾನ್ ಕೇಳಿದೊಡನೆ ಬಂದ್ ಮಾಡುವ ರೂಢಿ ಮಾಡಿದರೆ ಯಂತ್ರಕ್ಕೂ ವಿಶ್ರಾಂತಿ, ಮಕ್ಕಳ ನಮಾಝೂ ತಪ್ಪದು.

ಗುಂಡಿ ಒತ್ತಿದರೂ ತಡವೇ?

ಇಂದಿನ ಟಿ.ವಿ.ಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ. ಆ ತಿದ್ದುಪಡಿಗೆ ಸ್ವಲ್ಪ ಸಮಯ ಬೇಕು. ಧಾರಾವಾಹಿ ನೋಡುವಾಗ ಅದು ತಿಳಿಯುವುದಿಲ್ಲ, ಆಟದಲ್ಲಿ ಮಾತ್ರ ಮಾರಿಯೊ ಗುಂಡಿಗೆ ಬೀಳುತ್ತಾನೆ. ಟಿ.ವಿ.ಯ ಚಿತ್ರದ ಸೆಟ್ಟಿಂಗ್‌ನಲ್ಲಿ "ಗೇಮ್ ಮೋಡ್" ಇದ್ದರೆ ಅದನ್ನು ಆರಿಸಿ. ತಂತಿಯಿಲ್ಲದ ರಿಮೋಟ್ ಆದರೆ ಹೊಸ ಸೆಲ್ ಹಾಕಿ. ಅದರ ಪುಟ್ಟ ರಿಸೀವರ್ ಟಿ.ವಿ.ಯ ಹಿಂದೆ ಅಡಗಿರದೆ ಮುಂದೆ ಕಾಣುವಂತಿರಲಿ. ಇಂತಹ ಅನೇಕ ರಿಮೋಟ್‌ಗಳು, ವೈಫೈ ಮತ್ತು ಮೈಕ್ರೊವೇವ್ ಒಲೆ ಒಂದೇ ಬಗೆಯ ರೇಡಿಯೊ ಅಲೆ ಬಳಸುವುದರಿಂದ ಒಂದಕ್ಕೊಂದು ಅಡ್ಡ ಬರುವುದುಂಟು.

ದೋಷವಲ್ಲದ ದೋಷ

ಕೆಲವೊಮ್ಮೆ ನಿಧಾನವೇ ಸಹಜ. ಹಳೆಯ ಫ್ಯಾಮಿಕಾಮ್ ತೆರೆಯ ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಗೊಂಬೆಗಳ ತುಣುಕುಗಳನ್ನು ತೋರಿಸಲಾರದು. ಶತ್ರುಗಳು ಗುಂಪಾಗಿ ಬಂದರೆ ಚಿತ್ರ ಮಿಣುಕುತ್ತಿತ್ತು. ಇಂದಿನ ಪೆಟ್ಟಿಗೆ ಅದನ್ನೂ ನಿಷ್ಠೆಯಿಂದ ಅನುಕರಿಸಬಹುದು. ಇನ್ನೊಂದು ಕಾರಣ, ಹಿಂದೆ ಜಪಾನ್ ಮತ್ತು ಅಮೆರಿಕದ ಟಿ.ವಿ.ಗಳು ಸೆಕೆಂಡಿಗೆ 60 ಸಲ ಚಿತ್ರ ತೋರಿಸುತ್ತಿದ್ದರೆ, ಯುರೋಪಿನವು 50 ಸಲ ತೋರಿಸುತ್ತಿದ್ದವು. ಯುರೋಪಿಗಾಗಿ ಮಾಡಿದ ಎಷ್ಟೋ ಆಟಗಳು ಆರರಲ್ಲಿ ಒಂದು ಪಾಲು ನಿಧಾನ. ಸೋನಿಯಂತಹ ಕಂಪೆನಿಯೇ 2018ರ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ 20 ಆಟಗಳ ಪೈಕಿ 9ಕ್ಕೆ ಈ 50ರ ಆವೃತ್ತಿ ಹಾಕಿ ಟೀಕೆಗೆ ಗುರಿಯಾಯಿತು. ಇನ್ನು ಅಗ್ಗದ ಸ್ಟಿಕ್‌ನಲ್ಲಿ ಪ್ಲೇಸ್ಟೇಷನ್‌ನ ಭಾರದ ಆಟ ತಡವರಿಸಿದರೆ, ಅದರ ಚಿಪ್‌ಗೆ ಅಷ್ಟು ಶಕ್ತಿಯಿಲ್ಲ ಎಂದರ್ಥ. ಅದಕ್ಕಾಗಿ ಹಣ ಸುರಿಯಬೇಡಿ.

ಇಲ್ಲಿ ಮಾತ್ರ ತಾಳ್ಮೆ ಬೇಡ

ಕೈಯಲ್ಲಿ ಹಿಡಿದು ಆಡುವ ಡಬ್ಬಿಗಳಲ್ಲಿ ಹಳೆಯ ನೋಕಿಯಾ ಮೊಬೈಲಿನ ಮಾದರಿಯ ಬ್ಯಾಟರಿ ಇರುವುದುಂಟು. ಬ್ಯಾಟರಿ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಆ ಕ್ಷಣವೇ ಆಟ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ. 2007ರಲ್ಲಿ ನೋಕಿಯಾ ಕಂಪೆನಿಯೇ ಇಂತಹ 4 ಕೋಟಿ 60 ಲಕ್ಷ ಬ್ಯಾಟರಿಗಳ ಬಗ್ಗೆ, ಚಾರ್ಜ್ ಮಾಡುವಾಗ ಬಿಸಿಯಾಗಬಹುದೆಂದು ಎಚ್ಚರಿಸಿ ಬದಲಿಸಿಕೊಡಲು ಮುಂದಾಗಿತ್ತು. ಚಾರ್ಜಿಗಿಟ್ಟು ಆಡುವುದು, ಹಾಸಿಗೆಯ ಮೇಲೆ ಚಾರ್ಜ್ ಮಾಡುವುದು ಎರಡೂ ಬೇಡ. ಹೊಸ ಅಡಾಪ್ಟರ್ ಕೊಳ್ಳುವಾಗ ಬಿಐಎಸ್ ಗುರುತು ಮತ್ತು "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. "ಬಿಐಎಸ್ ಕೇರ್" ಎಂಬ ಮೊಬೈಲ್ ಆಪ್‌ನಲ್ಲಿ ಆ ಸಂಖ್ಯೆಯನ್ನು ಪರೀಕ್ಷಿಸಬಹುದು. ಉಬ್ಬಿದ ಬ್ಯಾಟರಿಯನ್ನೂ ಸತ್ತ ಪೆಟ್ಟಿಗೆಯನ್ನೂ ಮನೆಯ ಕಸದೊಂದಿಗೆ ಸೇರಿಸದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ

ಸಹೋದರಿಯರೇ, ಈ ಕೆಲಸವನ್ನು ನೀವೊಬ್ಬರೇ ಮಾಡಬೇಡಿ. "ಒಂದು ಸಲಕ್ಕೆ ಒಂದನ್ನೇ ಬದಲಾಯಿಸೋಣ, ಏನಾಗುತ್ತದೆ ನೋಡೋಣ" ಎಂದು ಮಗಳಿಗೋ ಮಗನಿಗೋ ಹೇಳಿ. ಮೊದಲು ಚಾರ್ಜರ್, ಆಮೇಲೆ ಕೇಬಲ್, ಆಮೇಲೆ ಕಾರ್ಡು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂದು ಎಂದಿಗೂ ತಿಳಿಯದು. ಆಟದಿಂದ ಸಿಗದ ಪಾಠವೊಂದು ಈ ರಿಪೇರಿಯಿಂದ ಸಿಗುತ್ತದೆ.

ಹಾಗೆಯೇ ಆಟಗಳ ಪಟ್ಟಿಯನ್ನೂ ನೋಡಿಬಿಡಿ. ಜೂಜಿನ ಆಟ, ಅಸಭ್ಯ ಚಿತ್ರಗಳಿದ್ದರೆ ಅಳಿಸಿಹಾಕಿಸಿ. "ಹತ್ತು ಸಾವಿರ ಗೇಮ್" ಎಂದು ಮಾರುವ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಆಟಗಳು ಮಾಡಿದವರ ಅನುಮತಿಯಿಲ್ಲದೆ ತುಂಬಿದವು. ಇನ್ನೊಬ್ಬರ ಹಕ್ಕಿನ ಪ್ರಶ್ನೆ ಇಲ್ಲಿಯೂ ಇದೆ. ಮುಂದಿನ ಸಲ ಕೊಳ್ಳುವಾಗ ಸಂಖ್ಯೆಗೆ ಮರುಳಾಗದೆ, ಕಂಪೆನಿಯೇ ಹೊರತಂದ ಇಪ್ಪತ್ತು, ಮೂವತ್ತು ಆಟಗಳ ಪೆಟ್ಟಿಗೆ ಸಾಕೆಂದು ಯೋಚಿಸಿ.

ಪ್ರವಾದಿ(ಸ)ರವರು ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರವರು ತಿಳಿಸಿದ್ದಾರೆ. ಹರಿದದ್ದನ್ನು ಹೊಲಿಯುವುದು, ಕೆಟ್ಟದ್ದನ್ನು ಸರಿಪಡಿಸುವುದು ಬಡತನದ ಗುರುತಲ್ಲ, ಅದು ಸುನ್ನತ್. ಕುರ್‌ಆನ್ ದುಂದುವೆಚ್ಚವನ್ನು ಕಟುವಾಗಿ ಖಂಡಿಸಿದೆ. ಸ್ವಲ್ಪ ಕೆಟ್ಟೊಡನೆ ಎಸೆದು ಹೊಸದು ಕೊಳ್ಳುವುದನ್ನು ಮಕ್ಕಳು ಕಲಿಯುವುದೂ ನಮ್ಮಿಂದಲೇ, ತಾಳ್ಮೆಯಿಂದ ಸರಿಪಡಿಸುವುದನ್ನು ಕಲಿಯುವುದೂ ನಮ್ಮಿಂದಲೇ. ಮುಂದಿನ ಸಲ ಅಡುಗೆಮನೆಗೆ ಆ ದೂರು ಬಂದಾಗ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, "ಮೊದಲು ಚಾರ್ಜರ್ ತಾ, ನೋಡೋಣ" ಎನ್ನಿ.